ಆರು ಕಾಲು, ಹಿಂಬಾಗಿಲು

ಆರೂಕಾಲು ಆಯಿತು. ಯಾರೂ ಬರಲಿಲ್ಲ.

ಕಾರ್ಯಾಗಾರದ ಹಿಂಬಾಗಿಲಿಗೆ ಎದುರಾಗಿ, ಖಾಲಿ ಡ್ರಮ್ಮುಗಳ ಮರೆಯಲ್ಲಿ, ಬೆಳಗಿನ ಐದರಿಂದ ನಾವು ಮೂವರು ಕಾಯುತ್ತಿದ್ದೆವು. ನಾನು, ನನ್ನ ಅಕ್ಕನ ಗಂಡ, ನಮ್ಮೂರ ಸಂಘದ ಅಧ್ಯಕ್ಷರು. ನಾನೂ ಭಾವನೂ ಕುಕ್ಕರುಗಾಲಿನಲ್ಲಿ ಕೂತಿದ್ದೆವು. ಅಧ್ಯಕ್ಷರು ಮಾತ್ರ ಗೋಡೆಗೆ ಒರಗಿ ನಿಂತೇ ಇದ್ದರು. ಕೂತರೆ ಪ್ಯಾಂಟಿನ ಇಸ್ತ್ರಿ ಹಾಳಾಗುತ್ತದಂತೆ. ಲಾಂಡ್ರಿ ಇಟ್ಟವರ ಪ್ಯಾಂಟೇ ಮುದುಡಿದರೆ ಗಿರಾಕಿಗಳು ಏನು ತಿಳಿದಾರು ಎಂದು ನಾನೂ ಒತ್ತಾಯ ಮಾಡಲಿಲ್ಲ.

ಆರೂ ಇಪ್ಪತ್ತು. ಆರೂವರೆ. ಹಿಂಬಾಗಿಲಿಗೆ ಬಂದದ್ದು ಒಂದೇ ಒಂದು ಬೆಕ್ಕು. ಅದೂ ನಮ್ಮನ್ನು ನೋಡಿ, ಈ ವಯಸ್ಸಿನಲ್ಲಿ ನಿಮಗೆ ಬೇರೆ ಕೆಲಸವಿಲ್ಲವೇ ಎನ್ನುವಂತೆ ಬಾಲ ಎತ್ತಿಕೊಂಡು ಹೋಯಿತು.

ಮೂರು ದಿನದ ಹಿಂದೆ ಕಾರ್ಯಾಗಾರದ ಮೇಜಿನ ಕೆಳಗೆ ಭಾವನಿಗೆ ಸಿಕ್ಕ ಚೀಟಿ ನನ್ನ ಕೈಚೀಲದಲ್ಲಿತ್ತು. ದಪ್ಪ ಪೆನ್ಸಿಲಿನಲ್ಲಿ ಮೂರು ಸಾಲು: “ಆರು ಕಾಲು. ಹಿಂಬಾಗಿಲು. ಯಾರಿಗೂ ಹೇಳೋದು ಬೇಡ.” ಊರಿಗೆ ಹೋಗಬೇಕಾದ ಪೆಟ್ಟಿಗೆಗಳ ಮೇಲೆ ಯಾರದೋ ಕಣ್ಣು ಬಿದ್ದಿದೆ, ಕೊನೆಯ ದಿನ ಬೆಳಿಗ್ಗೆ ಆರೂಕಾಲಿಗೆ ಹಿಂಬಾಗಿಲಿನಿಂದ ಸಾಗಿಸುತ್ತಾರೆ ಎಂದು ಭಾವ ಲೆಕ್ಕ ಹಾಕಿದ್ದರು. ಅಧ್ಯಕ್ಷರೂ ಹೌದೆಂದಿದ್ದರು. ನಾನೂ ಗೋಣು ಆಡಿಸಿದ್ದೆ. ನಾಚಿಕೆಯಿಂದ ಹೇಳುತ್ತಿದ್ದೇನೆ, ನಾನೂ ಆಡಿಸಿದ್ದೆ.

ಯಾಕೆ ನಾಚಿಕೆ ಎಂದರೆ, ಹುಡುಕುವುದು ನನ್ನ ಕಸುಬು. ಈ ಊರಿನ ರೈಲು ನಿಲ್ದಾಣದಲ್ಲಿ, ಕಳೆದುಹೋದ ಸಾಮಾನಿನ ಕಚೇರಿಯ ಕಿಟಕಿಯ ಹಿಂದೆ ಇಪ್ಪತ್ತೆಂಟು ವರ್ಷ ಕೂತವಳು ನಾನು. ಕೊಡೆ, ಕನ್ನಡಕ, ಹಲ್ಲಿನ ಸೆಟ್ಟು, ಒಮ್ಮೆ ಜೀವಂತ ಆಮೆ. ಕಳೆದುಕೊಂಡವರು ಹೇಳುವುದಕ್ಕೂ ಕಳೆದದ್ದಕ್ಕೂ ಎಷ್ಟು ದೂರ ಎಂದು ನನಗೆ ಗೊತ್ತು. ನಿವೃತ್ತಿಯಾದ ಮೇಲೆ ನಮ್ಮವರು ಯಾರ ಮನೆಯಲ್ಲಿ ಏನು ಕಾಣೆಯಾದರೂ ನನ್ನನ್ನೇ ಕರೆಯುತ್ತಾರೆ. ನನಗಿಂತ ಹಿರಿಯರೂ ನನ್ನನ್ನು ಪತ್ತೆಯಕ್ಕ ಎನ್ನುತ್ತಾರೆ. ಅಂಥವಳು ಒಂದು ಚೀಟಿಯನ್ನು ಸರಿಯಾಗಿ ಓದಿರಲಿಲ್ಲ.

“ಮಧ್ಯಾಹ್ನ ಹನ್ನೆರಡಕ್ಕೆ ಲಾರಿ ಬರುತ್ತೆ,” ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಅದು ಅವರು ಏಳನೇ ಸಲ ಹೇಳಿದ್ದು. ಲಾರಿ ತಪ್ಪಿದರೆ ಹಡಗು ತಪ್ಪುತ್ತದೆ, ಹಡಗು ತಪ್ಪಿದರೆ ಮುಂದಿನದು ನಾಲ್ಕು ತಿಂಗಳಿಗೆ.

ಭಾವ ಎದ್ದು ಮೊಣಕಾಲು ಉಜ್ಜಿಕೊಂಡರು. ಅವರು ಲಿಫ್ಟ್ ರಿಪೇರಿ ಮಾಡುವವರು, ಮಾತಿಗೆ ಬರವಿಲ್ಲದವರು. ಈ ಅಧ್ಯಕ್ಷರನ್ನು ಒಂದು ಸಲ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನಿಂದ ಮಗು ಎತ್ತಿದ ಹಾಗೆ ಎತ್ತಿ ಹೊರಗೆ ತೆಗೆದಿದ್ದೇನೆ, ಅದರ ಮುಂದೆ ಈ ಕಳ್ಳ ಯಾವ ಲೆಕ್ಕ ಎಂದು ನಕ್ಕರು. ಅಧ್ಯಕ್ಷರು ನಗಲಿಲ್ಲ. ಆ ಮಾತು ಈಗ ಯಾಕೆ ಎಂದು ಚಿಕ್ಕದಾಗಿ ಹೇಳಿ ಬೇರೆ ಕಡೆ ನೋಡಿದರು.

ಭಾವ ಅಷ್ಟಕ್ಕೇ ಬಿಡಲಿಲ್ಲ. “ಹೆದರ್ಬೇಡಿ. ನಲವತ್ತು ಪೀಸ್ ನಾನೇ ಪ್ಯಾಕ್ ಮಾಡಿದ್ದು, ನಾನೇ ಮೊಳೆ ಹೊಡೆದಿದ್ದು, ನಾನೇ ಹಗ್ಗ ಕಟ್ಟಿದ್ದು. ನನ್ನ ಗಂಟು ಬಿಚ್ಚೋನು ಇನ್ನೂ ಹುಟ್ಟಿಲ್ಲ.”

ಪೀಸ್.

ನಾನು ಕೂತಲ್ಲೇ ಚೀಟಿ ತೆಗೆದೆ. ಸಂಘದಲ್ಲಿ ಎಲ್ಲರೂ ಪೀಸ್ ಎನ್ನುತ್ತಾರೆ. ಅಧ್ಯಕ್ಷರೂ ಪೀಸ್ ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ಒಬ್ಬರು ಮಾತ್ರ ಆ ಪದ ಕೇಳಿದರೆ ಉರಿದುಬೀಳುತ್ತಾರೆ. ಪೀಸ್ ಅಂದರೆ ಬಟ್ಟೆ ಅಂಗಡಿಯಲ್ಲಿ ಸಿಗುವುದು, ನಾನು ಮಾಡುವುದು ಕಾಲು ಎಂದು.

ಗಂಟೆ ಬರೆಯುವವರು ಆರೂಕಾಲು ಎಂದು ಎಳೆದು ಬರೆಯುತ್ತಾರೆ. ಇಲ್ಲಿ ಎಳೆದಿರಲಿಲ್ಲ. ಆರು, ಆಮೇಲೆ ಜಾಗ, ಆಮೇಲೆ ಕಾಲು. ಮೂವರು ಕನ್ನಡದವರು ಒಂದು ಕೊಂಬಿನ ದೀರ್ಘ ನೋಡದೆ ಒಂದೂವರೆ ಗಂಟೆ ಡ್ರಮ್ಮಿನ ಹಿಂದೆ ಕೂತಿದ್ದೆವು.

“ಭಾವ, ಪೆಟ್ಟಿಗೆ ತೆಗೀರಿ,” ಎಂದೆ. “ಇದು ಗಂಟೆ ಅಲ್ಲ. ಇದು ಲೆಕ್ಕ.”

*

ನಮ್ಮೂರು ಕಲ್ಲುಗಣಿಯ ಊರು. ಅಲ್ಲಿಯ ಕಲ್ಲು ಎಷ್ಟೋ ದೊಡ್ಡ ಊರುಗಳ ಮೆಟ್ಟಿಲಾಗಿದೆ, ಅದನ್ನು ಕಡಿದವರಲ್ಲಿ ಎಷ್ಟೋ ಜನ ಒಂದು ಕಾಲು ಅಲ್ಲೇ ಬಿಟ್ಟಿದ್ದಾರೆ. ಬೀದಿಗೆ ಮೂರು ನಾಲ್ಕು ಜನ ಸಿಗುತ್ತಾರೆ. ಗಣಿ ಮುಚ್ಚಿದ ಮೇಲೆ ಕೈಕಾಲು ಗಟ್ಟಿ ಇದ್ದವರು ಹೊರಟು ಬಂದೆವು. ಬಂದವರು ಬಟ್ಟೆ ಒಗೆದೆವು, ಲಿಫ್ಟ್ ಹತ್ತಿಸಿದೆವು, ವ್ಯಾನ್ ಓಡಿಸಿದೆವು, ಬೂಟಿನ ಕಾರ್ಖಾನೆಯಲ್ಲಿ ಅಟ್ಟೆ ಹೊಲಿದೆವು. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಈ ಬಾಡಿಗೆ ಕಾರ್ಯಾಗಾರದಲ್ಲಿ ಸೇರಿ, ಊರಿನಲ್ಲಿ ಉಳಿದವರಿಗೆ ಕಾಲು ಮಾಡುತ್ತೇವೆ.

ಇದುವರೆಗೆ ಮುನ್ನೂರ ಎಪ್ಪತ್ತು ಕಾಲು. ಒಂದೇ ಒಂದು ವಾಪಸ್ ಬಂದಿಲ್ಲ. ಕಾರ್ಯಾಗಾರದ ಗೋಡೆ ತುಂಬ ಊರಿನಿಂದ ಬಂದ ಫೋಟೋಗಳಿವೆ: ಅಂಗಡಿ ಬಾಗಿಲಲ್ಲಿ ನಿಂತವರು, ಸೈಕಲ್ ಮೇಲೆ ಕೂತವರು, ಮೊಮ್ಮಗಳನ್ನು ಎತ್ತಿಕೊಂಡವರು. ನನ್ನ ಎದೆ ಉಬ್ಬಿದರೆ ಉಬ್ಬಲಿ, ಇದನ್ನು ಹೇಳುವಾಗ ನಾನು ವಿನಯ ನಟಿಸುವವಳಲ್ಲ. ವರ್ಷದ ಸಭೆಯಲ್ಲಿ ಅಧ್ಯಕ್ಷರು ಪ್ರತಿ ಸಲ ಒಂದೇ ಮಾತು ಹೇಳುತ್ತಾರೆ, “ನಾವು ನಮ್ಮ ಕಾಲ ಮೇಲೆ ನಿಂತಿದ್ದೀವಿ, ಊರನ್ನೂ ಅದರ ಕಾಲ ಮೇಲೆ ನಿಲ್ಲಿಸ್ತೀವಿ.” ಪ್ರತಿ ಸಲ ನನ್ನ ಕಣ್ಣು ಒದ್ದೆಯಾಗುತ್ತದೆ.

ಈ ಸಲದ ನಲವತ್ತರಲ್ಲಿ ಒಂದು ನನ್ನ ಚಿಕ್ಕಮ್ಮನದು. ಊರ ಶಾಲೆಯ ಗಂಟೆ ಹೊಡೆಯುವವಳು ಅವಳು. ಗಂಟೆ ಇರುವುದು ಒಂಬತ್ತು ಮೆಟ್ಟಿಲು ಮೇಲೆ. ಎರಡು ವರ್ಷದಿಂದ ಅವಳು ಕೆಳಗೆ ಕುರ್ಚಿಯಲ್ಲಿ ಕೂರುತ್ತಾಳೆ, ಟೀಚರು ಮೇಲೆ ಹೋಗಿ ಹೊಡೆಯುತ್ತಾರೆ. ಹೋದ ವಾರ ಫೋನಿನಲ್ಲಿ ಚಿಕ್ಕಮ್ಮ ಹೇಳಿದ್ದಳು, ಆ ಟೀಚರು ಗಂಟೆ ಹೊಡೆದರೆ ಪಾತ್ರೆ ಬಿದ್ದ ಹಾಗಿರುತ್ತದೆ, ಅವಸರ ಏನಿಲ್ಲ, ಆದರೆ ನಿಮ್ಮ ಕಾಲು ಬೇಗ ಬಂದರೆ ಮಕ್ಕಳ ಕಿವಿ ಉಳಿಯುತ್ತದೆ ಎಂದು. ಅವಳು ಬೇಡುವುದು ಎಂದರೆ ಅಷ್ಟೇ.

ಭಾವ ಒಂದೊಂದೇ ಪೆಟ್ಟಿಗೆ ತೆಗೆದರು. ಮೊದಲ ಮೂರರಲ್ಲಿ ಹತ್ತು ಹತ್ತು. ನಾಲ್ಕನೆಯದರ ಮೊಳೆಗಳನ್ನು ನೋಡಿಯೇ ಅವರ ಮುಖ ಬಿಗಿಯಿತು. ಅವರ ಮೊಳೆ ಒಂದು ಏಟು ಹೆಚ್ಚೇ ಬಿದ್ದು ಮರ ಚಪ್ಪಟೆಯಾಗಿರುತ್ತದೆ. ಇಲ್ಲಿ ಹಗ್ಗ ಕತ್ತರಿಸಿ ಬೇರೆಯದು ಕಟ್ಟಿತ್ತು, ಮೊಳೆ ನೀಟಾಗಿ, ಮರಕ್ಕೆ ನೋವಾಗದಂತೆ ಕೂತಿತ್ತು. ಒಳಗೆ ನಾಲ್ಕು ಕಾಲು, ಆರು ಗೋಣಿ ಸುರುಳಿ.

ನಾನು ಕಾಲುಗಳಿಗೆ ಕಟ್ಟಿದ ಗುರುತಿನ ಚೀಟಿಗಳನ್ನು ನೋಡಿದೆ. ಚಿಕ್ಕಮ್ಮನದು ಇರಲಿಲ್ಲ.

ಅಧ್ಯಕ್ಷರು ಗೋಣಿ ಸುರುಳಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಆಮೇಲೆ, ಸಂಘದ ಹೆಸರಿಗೆ ಹನ್ನೊಂದು ವರ್ಷದಲ್ಲಿ ಒಂದು ಚುಕ್ಕೆ ಬಿದ್ದಿರಲಿಲ್ಲ ಎಂದರು. ಅಂಥ ಮೊಳೆ ಹೊಡೆಯುವ ಕೈ, ಕಾಲನ್ನು ಕಾಲು ಎಂದೇ ಬರೆಯುವ ಕೈ, ನಮ್ಮಲ್ಲಿ ಒಂದೇ ಎಂದು ಅವರಿಗೂ ಗೊತ್ತಿತ್ತು. ಮೇಸ್ತ್ರಿ. ಆ ಮುನ್ನೂರ ಎಪ್ಪತ್ತು ಕಾಲನ್ನೂ ಮಾಡಿದ ಮೇಸ್ತ್ರಿ.

ಇನ್ನೊಬ್ಬರಿಗೆ ಆಗದ ಕಾಲನ್ನು ಕದ್ದು ಏನು ಮಾಡುತ್ತಾರೆ ಎಂದು ಭಾವ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಒಂದು ಕಾಲು ಒಬ್ಬರಿಗೇ ಹೊಂದುವುದು, ಮಾರುವ ವಸ್ತುವಲ್ಲ.

ಲಾರಿಯವರ ಹತ್ತಿರ ಎರಡು ಗಂಟೆ ಹೆಚ್ಚು ಸಮಯ ಕೇಳಿಬರುತ್ತೇನೆ ಎಂದು ಅಧ್ಯಕ್ಷರು ಹೊರಟರು. ಮುಂಬಾಗಿಲಿನಿಂದ ಬೀದಿಗೆ ಮೂರು ಮೆಟ್ಟಿಲು ಹತ್ತುವಾಗ ಅವರದು ಯಾವಾಗಲೂ ಒಂದೇ ರೀತಿ. ಎಡಗಾಲು ಇಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ತಂದು, ಒಂದು ಕ್ಷಣ ನಿಂತು, ಮತ್ತೆ ಎಡಗಾಲು. ಅರಸರು ಸಿಂಹಾಸನ ಏರಿದ ಹಾಗೆ. ಅದು ಅವರ ಗತ್ತು.

*

ಮೇಸ್ತ್ರಿಯ ಮನೆ ಬೂಟು ರಿಪೇರಿ ಅಂಗಡಿಯ ಮೇಲೆ, ಮೂರನೇ ಮಹಡಿ. ಲಿಫ್ಟ್ ಇಲ್ಲ. ನಾನು ಏದುಸಿರು ಬಿಡುತ್ತ ಹತ್ತಿದೆ, ಭಾವ ದಾರಿಯುದ್ದಕ್ಕೂ ಈ ಕಟ್ಟಡಕ್ಕೆ ಎಂಥ ಲಿಫ್ಟ್ ಹಾಕಬಹುದಿತ್ತು ಎಂದು ವಿವರಿಸಿದರು.

ಬಾಗಿಲು ತೆಗೆದದ್ದು ಮೇಸ್ತ್ರಿಯ ಸೊಸೆ. ಬ್ರೆಡ್ ಕಾರ್ಖಾನೆಯ ವ್ಯಾನ್ ಓಡಿಸುವವಳು, ನಸುಕಿನ ಕೆಲಸ ಮುಗಿಸಿ ಬಂದು ನೆಲ ಒರೆಸುತ್ತಿದ್ದಳು. ನನ್ನ ಕೈಯಲ್ಲಿದ್ದ ಚೀಟಿ ನೋಡಿದೊಡನೆ ಅವಳ ಕೈ ಏಪ್ರನ್ನಿನ ಜೇಬಿಗೆ ಹೋಯಿತು, ಖಾಲಿ ಜೇಬಿನಿಂದ ಮೆಲ್ಲಗೆ ಹೊರಗೆ ಬಂತು. ಚೀಟಿ ಬೀಳಿಸಿದ್ದು ಯಾರು ಎಂದು ಕೇಳುವ ಅಗತ್ಯವಿರಲಿಲ್ಲ.

ಅವಳು ಹೇಳಿದ್ದು ಇಷ್ಟೇ, “ಬೂಟು ಹೊರಗೆ ಬಿಡಿ ಅಕ್ಕ. ನೆಲ ಹಸಿ ಇದೆ.”

ಬಿಟ್ಟೆವು. ಭಾವನ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಅಕ್ಕನ ಮರ್ಯಾದೆ ನೆನೆದು ನಾನು ಕಣ್ಣು ತಿರುಗಿಸಿದೆ.

ತಿರುಗಿಸಿದ ಕಣ್ಣಿಗೆ ಆರು ಕಾಲು ಕಂಡವು. ಕಿಟಕಿಯ ಕೆಳಗಿನ ಉದ್ದನೆಯ ಮೇಜಿನ ಮೇಲೆ, ಬೆಳಕಿಗೆ, ಸಾಲಾಗಿ ನಿಲ್ಲಿಸಿದ್ದವು. ಮುಚ್ಚಿಟ್ಟಿರಲಿಲ್ಲ, ಒಂದು ಬಟ್ಟೆಯನ್ನೂ ಹೊದಿಸಿರಲಿಲ್ಲ. ಮೇಜಿನ ಆಚೆ ಮೇಸ್ತ್ರಿ ಏಳನೆಯ ಕಾಲಿಗೆ ಮರ ಕೆತ್ತುತ್ತಿದ್ದರು.

“ಬಾ ಪತ್ತೆಯಕ್ಕ,” ಎಂದರು, ಉಳಿ ಕೆಳಗಿಡದೆ. “ಮೂರು ದಿನ ತಗೊಂಡ್ಯಲ್ಲ. ನೀನು ಇನ್ನೂ ಬೇಗ ಬರ್ತೀಯ ಅಂದ್ಕೊಂಡಿದ್ದೆ.”

ಆರೂಕಾಲಿನ ಕತೆ ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಭಾವ ಹೇಳಿಬಿಟ್ಟರು. ಮೇಸ್ತ್ರಿ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಿಂಬಾಗಿಲಲ್ಲಿಟ್ಟ ಆರು ಕಾಲನ್ನು ವ್ಯಾನಿನಲ್ಲಿ ತರಲು ಸೊಸೆಗೆ ಬರೆದಿಟ್ಟದ್ದು ಅದು, ಅವಳು ನಸುಕಿಗೇ ಹೋಗುವವಳು, ತಾನು ಏಳುವುದು ತಡ, ಅದಕ್ಕೇ ಮನೆಯಲ್ಲಿ ಎಲ್ಲ ಮಾತೂ ಚೀಟಿಯಲ್ಲೇ ನಡೆಯುತ್ತದೆ ಎಂದರು.

ಅವರ ನಗು ಮುಗಿಯುವವರೆಗೆ ಕಾದೆ. ಆಮೇಲೆ ಕೇಳಿದೆ, “ಯಾಕೆ ಕದ್ದಿರಿ?”

“ಕದ್ದೋನು ಮಂಚದ ಕೆಳಗೆ ಇಡ್ತಾನೆ. ನಾನು ಮೇಜಿನ ಮೇಲೆ ಇಟ್ಟಿದ್ದೀನಿ.”

“ಹೇಳದೆ ತಂದಿದ್ದೀರಲ್ಲ. ಊರಲ್ಲಿ ಆರು ಜನ ಕಾಯ್ತಿದ್ದಾರೆ. ಹನ್ನೆರಡಕ್ಕೆ ಲಾರಿ ಬರುತ್ತೆ.”

“ಅವು ಹೋಗೋದಕ್ಕಿಂತ ನನ್ನನ್ನ ಕಳ್ಳ ಅನ್ನೋದು ವಾಸಿ.”

ಅಷ್ಟು ಹೇಳಿ ಅವರು ಮತ್ತೆ ಕೆತ್ತತೊಡಗಿದರು. ನಾನು ಮೇಜಿನ ಹತ್ತಿರ ಹೋದೆ. ಮೇಸ್ತ್ರಿ ಕಾಲಿಗೆ ಹೆಸರು ಬರೆಯುವುದಿಲ್ಲ, ಅಂಕಿ ಬರೆಯುವುದಿಲ್ಲ. ಅದನ್ನು ಹಾಕಿಕೊಳ್ಳುವವರ ಕೆಲಸ ಬರೆಯುತ್ತಾರೆ. ಊರಿನ ಟೀಚರು ಕಳಿಸುವ ಅಳತೆಯ ಹಾಳೆಯ ಕೊನೆಗೆ ಒಂದು ಸಾಲು ಇರಲೇಬೇಕು, ಈ ಕಾಲು ಏನು ಮಾಡಬೇಕು ಎಂದು. ಬಸ್ ಹತ್ತಬೇಕು. ಹೊಲಿಗೆ ಯಂತ್ರ ತುಳಿಯಬೇಕು. ಆ ಸಾಲು ಓದದೆ ಮೇಸ್ತ್ರಿ ಮರ ಮುಟ್ಟುವುದಿಲ್ಲ.

ಹಾಲಿನವರು. ಟೈಲರು. ಬಾಗಿಲು ಕಾಯುವವರು. ನಾಲ್ಕನೆಯದರ ಮೇಲೆ, ಗಂಟೆಯವರು.

ಚಿಕ್ಕಮ್ಮನ ಕಾಲನ್ನು ಎತ್ತಿಕೊಂಡೆ. ಹಗುರವಾಗಿತ್ತು, ನುಣ್ಣಗಿತ್ತು. ಒಂಬತ್ತು ಮೆಟ್ಟಿಲು ಹತ್ತಬೇಕು ಎಂದು ಬರೆದದ್ದಕ್ಕೆ ಪಾದದ ತುದಿಗೆ ಜಾರದ ರಬ್ಬರು ಅಂಟಿಸಿದ್ದರು. ನೋಡಿ ಹೆಮ್ಮೆಯಾಯಿತು, ಸಂಕಟವೂ ಆಯಿತು. ಅದನ್ನು ತಿರುಗಿಸಿ ಬೆರಳುಗಳನ್ನು ನೋಡಿದವಳು ಹಾಗೇ ನಿಂತೆ.

“ಮೇಸ್ತ್ರೀ, ಇದು ಬಲಗಾಲು.”

“ಹೌದು. ಹಾಳೇಲಿ ಬಲ ಅಂತಲೇ ಇದೆ.”

“ನಮ್ಮ ಚಿಕ್ಕಮ್ಮ ಕಳಕೊಂಡಿದ್ದು ಎಡಗಾಲು.”

ಈ ಸಲ ಉಳಿ ನಿಂತಿತು. ಮೇಸ್ತ್ರಿ ನನ್ನ ಮುಖ ನೋಡಿದರು, ಕಾಲು ನೋಡಿದರು. ಅವರಿಗೆ ಗೊತ್ತಿದ್ದದ್ದು ಬೇರೆ, ಇದು ಗೊತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತು ಎರಡು ಅಂಗೈಯಿಂದಲೂ ಮುಖ ಒರೆಸಿಕೊಂಡರು.

“ಹಾಗಾದ್ರೆ ನನ್ನ ಅನುಮಾನ ನಿಜ,” ಎಂದರು. “ಪಕ್ಕದ್ದನ್ನೂ ಎತ್ತು. ಅದರ ಪಕ್ಕದ್ದನ್ನೂ.”

ಒಂದನ್ನು ಇನ್ನೊಂದರ ಪಕ್ಕ ಹಿಡಿದೆ. ಭಾವನೂ ಎರಡು ಎತ್ತಿ ಹಿಡಿದರು. ಉದ್ದ ಒಂದೇ. ಮೊಂಡುಗಾಲು ಕೂರುವ ಮೇಲಿನ ಬಟ್ಟಲಿನ ಅಗಲ ಒಂದೇ. ಒಳಗೆ, ಮೂಳೆ ಒತ್ತದಿರಲಿ ಎಂದು ಬಿಟ್ಟ ಗುಳಿಯೂ ಒಂದೇ ಜಾಗದಲ್ಲಿ. ಹಾಲಿನವರಿಗೂ ಟೈಲರಿಗೂ ಗಂಟೆಯವರಿಗೂ ಒಂದೇ ಕಾಲು. ಒಬ್ಬರದೇ ಬಲಗಾಲು, ಆರು ಸಲ.

*

ಮೇಸ್ತ್ರಿ ಹೇಳಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಹಾಳೆಗಳು ಒಟ್ಟಿಗೆ ಬರುವುದಿಲ್ಲ, ತಿಂಗಳಿಗೆ ಎಂಟೋ ಹತ್ತೋ ಬರುತ್ತವೆ. ಈ ಆರು ಕಾಲನ್ನು ಅವರು ಐದು ತಿಂಗಳಲ್ಲಿ, ಬೇರೆ ಬೇರೆ ಭಾನುವಾರ ಮಾಡಿದ್ದರು. ಬೆರೆತು ಹೋಗಿದ್ದವು. ಕೊನೆಗೆ ಪಾಲಿಶ್ ಹಾಕಲು ನಲವತ್ತನ್ನೂ ಸಾಲಾಗಿ ನಿಲ್ಲಿಸಿದಾಗ ಆರು ಕಾಲು ಅವಳಿ ಜವಳಿ ಹುಟ್ಟಿದ ಹಾಗೆ ಕಂಡವಂತೆ. ಬೇರೆ ತೆಗೆದಿಟ್ಟು ಮತ್ತೊಮ್ಮೆ ಅಳೆದು, ಹಾಳೆ ನೋಡಿ ನಿಜ ಎಂದು ತಿಳಿಯುವಷ್ಟರಲ್ಲಿ ಭಾವ ಅವನ್ನೂ ಕೊನೆಯ ಪೆಟ್ಟಿಗೆಗೆ ಹಾಕಿ ಮೊಳೆ ಹೊಡೆದಾಗಿತ್ತು.

ಆಗಲೇ ಯಾಕೆ ಬಾಯಿ ಬಿಡಲಿಲ್ಲ ಎಂದು ಭಾವ ಜೋರು ಮಾಡಿದರು. ಮೇಸ್ತ್ರಿ ಅವರ ಕಡೆ ನೋಡದೆ ನನಗೇ ಉತ್ತರ ಕೊಟ್ಟರು. ಹೇಳಿದ್ದರೆ ಊರಿನ ಟೀಚರು ತಪ್ಪು ಮಾಡಿದರು ಎನ್ನುತ್ತಿದ್ದರು, ಇಲ್ಲವೇ ಮೇಸ್ತ್ರಿಗೆ ವಯಸ್ಸಾಯಿತು ಎನ್ನುತ್ತಿದ್ದರು. ಎರಡೂ ಸುಳ್ಳು. ತಾನು ಆರೂ ಜನರಿಗೆ ಫೋನ್ ಮಾಡಿಸಿ ಅಳತೆ ತರಿಸಿಕೊಂಡು, ಹೊಸ ಕಾಲು ಮಾಡಿ, ಯಾರಿಗೂ ಗೊತ್ತಾಗದ ಹಾಗೆ ಪೆಟ್ಟಿಗೆಗೆ ಸೇರಿಸಬೇಕು ಎಂದಿದ್ದರು. ಲೈನೇ ಸಿಗಲಿಲ್ಲ, ದಿನಗಳೂ ಸಾಲಲಿಲ್ಲ. ಕೈಯಲ್ಲಿದ್ದ ಏಳನೆಯದನ್ನು ಅಂದಾಜಿನ ಮೇಲೆ ಕೆತ್ತುತ್ತಿದ್ದರು. ಅಂದಾಜಿನ ಕಾಲು ಮಾಡಿ ಗೊತ್ತಿಲ್ಲದವರು ಅದನ್ನು ಈಗ ಪಕ್ಕಕ್ಕೆ ತಳ್ಳಿದರು.

“ಹಾಳೆ ಎಲ್ಲಿವೆ?” ಎಂದೆ.

ಒಂದು ಬೂಟಿನ ಡಬ್ಬಿಯಲ್ಲಿ ನಲವತ್ತೂ ಇದ್ದವು. ಅಕ್ಷರ ನೋಡಲು ಹೋಗಲಿಲ್ಲ. ಅಕ್ಷರ ನಕಲು ಮಾಡಬಹುದು. ನಾನು ನೋಡಿದ್ದು ಮಡಿಕೆ. ಇಪ್ಪತ್ತೆಂಟು ವರ್ಷ ಜನರ ಜೇಬಿನ ಕಾಗದ ಬಿಡಿಸಿದವಳಿಗೆ ಮಡಿಕೆ ಮಾತಾಡುತ್ತದೆ. ಟೀಚರು ಹಾಳೆಯನ್ನು ಮೂರಾಗಿ ಮಡಿಸಿ ಲಕೋಟೆಗೆ ತುರುಕುತ್ತಾರೆ. ಮೂವತ್ತನಾಲ್ಕು ಹಾಳೆಗಳ ಮೈಮೇಲೆ ಆ ಎರಡು ಗೆರೆ ಇದ್ದವು. ಆರಕ್ಕೆ ಮಡಿಕೆಯೇ ಇರಲಿಲ್ಲ. ಅವು ಲಕೋಟೆ ಕಂಡಿಲ್ಲ, ಹಡಗು ಕಂಡಿಲ್ಲ. ಈ ಊರಲ್ಲೇ ಬರೆದವು.

ಕೊನೆಯ ಸಾಲು ಮಾತ್ರ ನಿಜವಾದದ್ದು. “ಒಂಬತ್ತು ಮೆಟ್ಟಿಲು. ಹಗ್ಗ ಎಳೆಯುವಾಗ ಜಾರಬಾರದು.” ಅದು ಚಿಕ್ಕಮ್ಮನದೇ ಮಾತು. ಅವಳ ಹಾಳೆ ಯಾರದೋ ಕೈ ಸೇರಿ, ಅದರ ಮಾತು ಉಳಿಸಿಕೊಂಡು ಅಳತೆ ಬದಲಾಯಿಸಿ ಬರೆಯಲಾಗಿತ್ತು. ಈ ಕಾಲು ಊರು ತಲುಪಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದೆ. ಊರೆಲ್ಲ ನೋಡುತ್ತಿರುವಾಗ ಪೆಟ್ಟಿಗೆ ಬಿಚ್ಚುತ್ತಾರೆ, ಎಡಗಾಲಿಲ್ಲದ ಹೆಂಗಸಿನ ಮುಂದೆ ಬಲಗಾಲು ಇಡುತ್ತಾರೆ. ಆರು ಜನ ನಗೆಪಾಟಲು, ಹನ್ನೊಂದು ವರ್ಷದ ಹೆಸರು ಮಣ್ಣುಪಾಲು. ನನ್ನ ಮೈ ಉರಿಯಿತು.

“ಟಪಾಲು ಮೊದಲು ಎಲ್ಲಿಗೆ ಬರುತ್ತೆ?”

“ಲಾಂಡ್ರಿಗೆ,” ಎಂದರು ಮೇಸ್ತ್ರಿ. ಅಲ್ಲಿಂದ ಯಾರಾದರೂ ತಂದುಕೊಡುತ್ತಾರೆ. ಅಲ್ಲಿ ಕೆಲಸ ಮಾಡುವ ನಮ್ಮವರು ನಾಲ್ಕು ಜನ, ಒಮ್ಮೊಮ್ಮೆ ಅಧ್ಯಕ್ಷರೇ, ಒಮ್ಮೊಮ್ಮೆ ನಿನ್ನ ಭಾವ.

ಹೌದು, ನಾನೂ ತಂದಿದ್ದೇನೆ ಎಂದರು ಭಾವ. ಹನ್ನೊಂದು ವರ್ಷ ಹೊರುವುದು ತಾನು, ಮೊಳೆ ಹೊಡೆಯುವುದು ತಾನು, ಫೋಟೋದಲ್ಲಿ ನಡುವೆ ಕೂರುವವರು ಬೇರೆ ಎಂದು ಹಳೆಯ ತಮಾಷೆಯನ್ನೂ ಸೇರಿಸಿದರು. ಅಧ್ಯಕ್ಷರಿಗೆ ಫೋನ್ ಮಾಡಿ ಇಲ್ಲಿಗೇ ಬರಹೇಳಿದ್ದೇನೆ ಎಂದೂ ಹೇಳಿದರು.

ನನಗೆ ಒಂದು ಮಾತು ಹೊಂದುತ್ತಿರಲಿಲ್ಲ. ಸಂಘಕ್ಕೆ ಮಸಿ ಬಳಿಯಬೇಕು ಎಂದುಕೊಂಡವನು ಬಾಯಿಗೆ ಬಂದ ಅಂಕಿ ಬರೆಯಬಹುದಿತ್ತು. ಆರಕ್ಕೂ ಒಂದೇ ಅಳತೆ ಯಾಕೆ?

ಕೇಳಿದ್ದಕ್ಕೆ ಮೇಸ್ತ್ರಿ ಮೊದಲ ಸಲ ಕಸುಬಿನ ಗರ್ವದಿಂದ ತಲೆ ಎತ್ತಿದರು. “ಬಾಯಿಗೆ ಬಂದದ್ದು ಬರೆದ್ರೆ ನಾನು ಅರೆಗಳಿಗೇಲಿ ಹಿಡೀತೀನಿ. ಕತ್ತರಿಸಿದ ಕಾಲಿನ ಸುತ್ತಳತೆ ಮೂರು ಕಡೆ ತಗೊಳ್ತೀವಿ. ಆ ಮೂರು ಒಂದಕ್ಕೊಂದು ಹೊಂದಬೇಕು. ಅದನ್ನ ಕಲ್ಪನೆ ಮಾಡೋಕೆ ಬರಲ್ಲ. ಇದು ನಿಜವಾದ ಕಾಲು, ಅಕ್ಕ. ಜೀವ ಇರೋ ಮನುಷ್ಯಂದು.”

“ಈ ಊರಲ್ಲಿರೋ ಮನುಷ್ಯ.”

ಮೇಸ್ತ್ರಿ ಉಳಿಗೆ ಅಂಟಿದ ಮರದ ಪುಡಿ ಒರೆಸಿದರು.

“ಇಲ್ಲಿ ನಮ್ಮವರಲ್ಲಿ ಕಾಲು ಇಲ್ಲದೋರು ಯಾರೂ ಇಲ್ಲ,” ಎಂದೆ. “ಇದ್ದಿದ್ರೆ ಮೊದಲ ಕಾಲು ಅವರಿಗೇ ಮಾಡ್ತಿದ್ರಿ.”

“ಕೇಳಿದ್ರೆ ಮಾಡ್ತಿದ್ದೆ.”

ಆ ಮಾತಿನಲ್ಲಿ ನೋವಿತ್ತು. ನನಗೆ ಅರ್ಥವಾಯಿತು. “ನಿಮಗೆ ಗೊತ್ತು, ಯಾರದು ಅಂತ.”

“ನಲವತ್ತು ವರ್ಷ ಬೂಟ್ ಮುಟ್ಟಿದೋನು ನಾನು. ಅಟ್ಟೆ ಸವೆದ ರೀತಿ ನೋಡಿದ್ರೆ ಒಳಗೇನಿದೆ ಅಂತ ಗೊತ್ತಾಗ್ತದೆ. ಗೊತ್ತಾಗಿ ಎಷ್ಟೋ ವರ್ಷ ಆಯ್ತು.” ಅವರು ಉಳಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರು. “ಹೇಳಲ್ಲ. ಬಚ್ಚಿಟ್ಟುಕೊಂಡವರು ಮಾನಕ್ಕೆ ಬಚ್ಚಿಟ್ಟುಕೊಂಡಿರ್ತಾರೆ. ಅದನ್ನ ಬಿಚ್ಚೋದು ನನ್ನ ಕೆಲಸ ಅಲ್ಲ.”

ಕಳ್ಳ ಎನಿಸಿಕೊಳ್ಳಲು ಸಿದ್ಧ, ಇನ್ನೊಬ್ಬರ ಗುಟ್ಟು ಬಿಡಲು ಸಿದ್ಧರಿಲ್ಲ. ಇಂಥವರ ಕೈಯಲ್ಲಿ ನಮ್ಮೂರ ಕಾಲುಗಳು ತಯಾರಾಗಿವೆ ಎಂದು ಆ ಸಿಟ್ಟಿನಲ್ಲೂ ನನಗೆ ಅಭಿಮಾನವೇ ಬಂತು. ಆದರೆ ಗೋಡೆಯ ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು.

ಆಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿತು.

ಒಂದು ಹೆಜ್ಜೆ. ಅದರ ಪಕ್ಕಕ್ಕೆ ಇನ್ನೊಂದು. ಒಂದು ಕ್ಷಣ ಬಿಡುವು. ಮತ್ತೆ ಒಂದು ಹೆಜ್ಜೆ, ಪಕ್ಕಕ್ಕೆ ಇನ್ನೊಂದು. ಮೂರು ಮಹಡಿಯುದ್ದಕ್ಕೂ ಹಾಗೇ, ಒಂದು ಸಲವೂ ಎರಡನೆಯ ಕಾಲು ಮುಂದಾಗಲಿಲ್ಲ. ಹನ್ನೊಂದು ವರ್ಷ ನಾನು ಅದನ್ನು ಗತ್ತು ಎಂದುಕೊಂಡಿದ್ದೆ. ಬೆಳಿಗ್ಗೆ ಕೂಡ ಹಾಗೇ ಎಂದುಕೊಂಡಿದ್ದೆ. ದೀಪದ ಬುಡದಲ್ಲೇ ಕತ್ತಲೆ.

ಮೇಸ್ತ್ರಿ ಕಣ್ಣು ಮುಚ್ಚಿಕೊಂಡರು.

ಅಧ್ಯಕ್ಷರು ಬಾಗಿಲಲ್ಲಿ ನಿಂತರು. ಮುಖದಲ್ಲಿ ಬೆವರು, ಆದರೆ ಪ್ಯಾಂಟಿನ ಇಸ್ತ್ರಿ ಕತ್ತಿಯಂತಿತ್ತು. ಲಾರಿಯವರು ಒಂದು ಗಂಟೆ ಮಾತ್ರ ಕೊಟ್ಟರು ಎನ್ನುತ್ತಿದ್ದವರು ಮೇಜಿನ ಮೇಲಿನ ಆರು ಕಾಲನ್ನು ನೋಡಿ ಮಾತು ನಿಲ್ಲಿಸಿದರು.

ಸೊಸೆಗೆ ಇದೇನೂ ಗೊತ್ತಿರಲಿಲ್ಲ, ಪಾಪ. ಬಂದವರಿಗೆಲ್ಲ ಹೇಳುವ ಮಾತನ್ನೇ ಹೇಳಿದಳು. “ಬೂಟು ಹೊರಗೆ ಬಿಡಿ ಅಣ್ಣ. ನೆಲ ಹಸಿ ಇದೆ.”

ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ನನ್ನ ಕಂಕುಳಲ್ಲಿ ಚಿಕ್ಕಮ್ಮನ ಹೆಸರಿನ ಬಲಗಾಲು ಇನ್ನೂ ಇತ್ತು.

ಅಧ್ಯಕ್ಷರು ಚೌಕಟ್ಟು ಹಿಡಿದು ಬಗ್ಗಿದರು. ಎಡಗಾಲಿನ ಬೂಟಿನ ದಾರ ಬಿಚ್ಚಿದರು, ಬೂಟು ತೆಗೆದು ಗೋಡೆಗೆ ನೆಟ್ಟಗೆ ಇಟ್ಟರು. ನೆಟ್ಟಗೆ ನಿಂತರು. ಬಲಗಾಲಿನ ಬೂಟಿಗೆ ಅವರ ಕೈ ಹೋಗಲಿಲ್ಲ.

ಸೊಸೆಯ ಕೈಯ ಒರೆಸುವ ಬಟ್ಟೆಯಿಂದ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.

“ನಮ್ಮ ಕಾಲ ಮೇಲೆ ನಾವು ನಿಂತಿದ್ದೀವಿ ಅಂತ ಹನ್ನೊಂದು ವರ್ಷ ಭಾಷಣ ಮಾಡಿದೋನು ನಾನು,” ಎಂದರು ಕೊನೆಗೆ. “ನನಗೂ ಒಂದು ಕಾಲು ಕೊಡಿ ಅಂತ ಕೇಳೋದು ಹೇಗೆ? ಈ ಅಳತೆ ನಂದೇ, ಪತ್ತೆಯಕ್ಕ. ನೋಡಿದ ತಕ್ಷಣ ಗೊತ್ತಾಯ್ತು. ಆದರೆ ಅದನ್ನ ಬರೆದುಕೊಟ್ಟೋನು ನಾನಲ್ಲ.”

ನಾನು ಅವರನ್ನು ನಂಬಿದೆ. ಯಾಕೆ ಎಂದು ಕೇಳಬೇಡಿ. ಕಿಟಕಿಯ ಹಿಂದೆ ಕೂತವಳಿಗೆ ನಿಜವಾಗಿ ಕಳೆದುಕೊಂಡವರ ಮುಖ ಗೊತ್ತಾಗುತ್ತದೆ. “ಹಾಗಾದ್ರೆ ನಿಮ್ಮ ಕಾಲಿನ ವಿಷಯ ಇನ್ಯಾರಿಗೆ ಗೊತ್ತಿತ್ತು?” ಎಂದೆ.

“ನಾನಾಗಿ ಯಾರಿಗೂ ಹೇಳಿಲ್ಲ. ನಾಲ್ಕು ವರ್ಷದ ಹಿಂದೆ ಲಿಫ್ಟ್ ಸಿಕ್ಕಿಕೊಂಡು, ಎಳೆಯೋವಾಗ ಕಾಲು ಕಳಚಿ ಒಳಗೇ ಬಿತ್ತು. ಎತ್ತಿಕೊಟ್ಟೋರು ಒಬ್ಬರೇ. ಹೋದ ವರ್ಷ, ಹೊಸ ಕಾಲು ಬೇರೆ ಕಡೆ ಮಾಡಿಸಿಕೊಡ್ತೀನಿ ಅಂತ ಅಳತೆನೂ ಅವರೇ ತಗೊಂಡ್ರು.”

ನನ್ನ ಅಕ್ಕನ ಮುಖ ಕಣ್ಣ ಮುಂದೆ ಬಂತು. ತಿರುಗಲು ನನಗೆ ಮನಸ್ಸಾಗಲಿಲ್ಲ, ಆದರೂ ತಿರುಗಿದೆ.

ಭಾವ ಮೇಜಿನ ಹತ್ತಿರ ಇರಲಿಲ್ಲ. ಅಧ್ಯಕ್ಷರ ಬೆನ್ನ ಹಿಂದೆ, ಹೊಸ್ತಿಲಾಚೆ, ಒಂದು ಮೊಣಕಾಲೂರಿ ಕೂತು ಬೂಟು ಹಾಕಿಕೊಳ್ಳುತ್ತಿದ್ದರು. ಹನ್ನೊಂದು ವರ್ಷ ನಮ್ಮೂರ ಪೆಟ್ಟಿಗೆಗಳಿಗೆ ಯಾರೂ ಬಿಚ್ಚಲಾರದ ಗಂಟು ಹಾಕಿದ ಆ ಕೈಗಳಿಗೆ ಬೂಟಿನ ದಾರ ಸಿಗುತ್ತಿರಲಿಲ್ಲ.